28 ದಿನಕ್ಕೇ ತಿಂಗಳು ಮುಗಿಸಿದವರು ಯಾರು?

ಕಳೆದ ವಾರ ಸಂತೆಗೆ ಸುದ್ದಿ ಮಾಡಲು ಹೋಗಿದ್ದೆ. ರೀಚಾರ್ಜ್ ಅಂಗಡಿ ಮುಂದೆ ಒಬ್ಬರು ಅಜ್ಜಿ ನಿಂತಿದ್ದರು. ಕೈಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಕೀಪ್ಯಾಡ್ ಫೋನು.

"ಮಗಂಗೆ ಫೋನೇ ಹೋಗ್ತಿಲ್ಲ, ನೋಡಪ್ಪ."

"ವ್ಯಾಲಿಡಿಟಿ ಮುಗ್ದೈತೆ ಅಜ್ಜಿ."

"ಇನ್ನೂ ತಿಂಗಳಾಗಿಲ್ವಲ್ಲೋ ಮಗಾ!"

ಅಜ್ಜಿ ಲೆಕ್ಕ ಸರಿ ಇತ್ತು. ತಿಂಗಳಾಗಿರಲಿಲ್ಲ, 28 ದಿನ ಆಗಿತ್ತು. ಹುಡುಗ ಮತ್ತೆ ಅದೇ ಪ್ಲಾನ್ ಹಾಕಿದ. ಅದರಲ್ಲಿ ದಿನಕ್ಕೆ 1 ಜಿಬಿ ಡೇಟಾ. ಅಜ್ಜಿ ಫೋನಿನಲ್ಲಿ ಇಂಟರ್‌ನೆಟ್ಟೇ ಇಲ್ಲ!

ಎಮ್ಮೆ ಇಲ್ಲದವರಿಗೆ ಹಿಂಡಿ ಮೂಟೆ ಮಾರಿದ ಹಾಗಲ್ಲವೇ ಇದು?

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ತಿಂಗಳು 12. ಆದರೆ 28 ದಿನದ ಪ್ಲಾನ್ ಹಾಕಿಸುವವರು ವರ್ಷಕ್ಕೆ 13 ಸಲ ದುಡ್ಡು ಕಟ್ಟಬೇಕು. 28 ದಿನಕ್ಕೆ 200 ರೂಪಾಯಿ ಅಂತಿಟ್ಟುಕೊಂಡರೆ ವರ್ಷಕ್ಕೆ 2,400 ಅಲ್ಲ, 2,600. ಮನೆಯಲ್ಲಿ ಮೂರು ಸಿಮ್ ಇದ್ದರೆ 600 ರೂಪಾಯಿ ಹೆಚ್ಚುವರಿ. ಕೂಲಿ ಮಾಡುವವರಿಗೆ ಇದು ಚಿಲ್ಲರೆ ಕಾಸಲ್ಲ.

ಕಟ್ಟದೆ ಬಿಡೋಣ ಅಂದರೆ ಮೊದಲು ಔಟ್‌ಗೋಯಿಂಗ್ ಬಂದ್, ಕೆಲವು ದಿನ ಬಿಟ್ಟು ಇನ್‌ಕಮಿಂಗೂ ಬಂದ್. ಬ್ಯಾಂಕಿನ ಒಟಿಪಿ ಬರುವುದು ಅದೇ ನಂಬರಿಗೆ. ಆಧಾರ್‌ಗೆ ಜೋಡಿಸಿರುವುದೂ ಅದೇ ನಂಬರು. ಬೇಡ ಅನ್ನುವ ಸ್ವಾತಂತ್ರ್ಯ ಬಡವರಿಗೆ ಎಲ್ಲಿದೆ?

ನಿಯಮ ಇಲ್ಲ ಅಂತಲ್ಲ. ಪ್ರತಿ ಕಂಪನಿಯೂ 30 ದಿನದ ಪ್ಲಾನ್ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ರಿನ್ಯೂ ಆಗುವ ಪ್ಲಾನ್ ಕೊಡಲೇಬೇಕು ಅಂತ ಟ್ರಾಯ್ 2022ರಲ್ಲೇ ಆದೇಶ ಮಾಡಿದೆ. ಡೇಟಾ ಬೇಡದವರಿಗೆ ಬರೀ ಕಾಲ್, ಎಸ್‌ಎಂಎಸ್ ಇರುವ ಪ್ಲಾನ್ ಕೊಡಿ ಅಂತ 2024ರ ಡಿಸೆಂಬರ್‌ನಲ್ಲಿ ಹೇಳಿತು. ಮುಂದಿನ ತಿಂಗಳೇ ಅಂಥ ಪ್ಲಾನ್‌ಗಳು ಬಂದವು. ಆದರೆ ಹೇಗೆ? 84 ದಿನ, ಒಂದು ವರ್ಷ ಅಂತ ಒಟ್ಟಿಗೆ ದುಡ್ಡು ಕಟ್ಟುವ ಹಾಗೆ. ವಾರದ ಬಟವಾಡೆಯಲ್ಲಿ ಬದುಕುವವರು ವರ್ಷದ ದುಡ್ಡು ಒಂದೇ ಸಲ ಎಲ್ಲಿಂದ ತರುತ್ತಾರೆ?

"ಟವರ್ ನಡೆಸಲು ಖರ್ಚಿದೆ" ಅನ್ನುತ್ತಾರೆ ಕಂಪನಿಯವರು. ಇರಲಿ, ಬಳಸಿದ್ದಕ್ಕೆ ಕೊಡುತ್ತೇವೆ. ಬಳಸಲಾಗದ್ದಕ್ಕೆ ಯಾಕೆ ಕೊಡಬೇಕು? 30 ದಿನದ, ಬರೀ ಕಾಲ್ ಇರುವ ಅಗ್ಗದ ಪ್ಲಾನ್ ಎಲ್ಲ ಕಂಪನಿಯಲ್ಲೂ ಬರಬೇಕು. ಅಂಗಡಿ ಗೋಡೆಯ ಮೇಲೆ ಕನ್ನಡದಲ್ಲಿ ಅದರ ದರ ಕಾಣಬೇಕು.

ಅಲ್ಲಿಯವರೆಗೆ ನಮ್ಮ ಕೈಲಿರುವುದು ಇಷ್ಟು. ರೀಚಾರ್ಜ್‌ಗೆ ಹೋದಾಗ "ಎಷ್ಟು ರೂಪಾಯಿ" ಅಂತ ಮಾತ್ರ ಕೇಳಬೇಡಿ, "ಎಷ್ಟು ದಿನ" ಅಂತಲೂ ಕೇಳಿ. ದರವನ್ನು ದಿನಕ್ಕೆ ಭಾಗಿಸಿ ನೋಡಿ. ಕೀಪ್ಯಾಡ್ ಫೋನಾದರೆ "ಡೇಟಾ ಇಲ್ಲದ ಪ್ಲಾನ್ ಹಾಕಪ್ಪ" ಅನ್ನಿ. ಬೇರೆ ಕಂಪನಿಗೆ ಹೋಗುವುದಾದರೆ ಮೊದಲು ಆ ಕಂಪನಿ ಸಿಮ್ ಇರುವವರನ್ನು ಕರೆಸಿ, ಮನೆಯೊಳಗೂ ಹೊಲದಲ್ಲೂ ಸಿಗ್ನಲ್ ನೋಡಿ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿ. ನಂಬರ್ ಬದಲಾಗುವುದಿಲ್ಲ.

ಓದು ಬಾರದ ಅಜ್ಜಿ ತಾತಂದಿರು ನಿಮ್ಮ ಮನೆಯಲ್ಲೂ ಇದ್ದಾರೆ. ಇವತ್ತು ಸಂಜೆ ಅವರ ಫೋನಿಗೆ ಯಾವ ಪ್ಲಾನ್ ಹಾಕಿದೆ ಅಂತ ಒಮ್ಮೆ ನೋಡಿ.