ಬೇಸಿಗೆ ತೋಟಕ್ಕಾಗಿ ಚಳಿಗಾಲದಲ್ಲಿ ಒಂದು ದಿನ ರಜೆ ತಗೊಳ್ಳಿ

ರೈತನಿಗೆ ಭಾನುವಾರ ಇಲ್ಲ ಅಂತ ಹೆಮ್ಮೆಯಿಂದ ಹೇಳೋರು ನಮ್ಮಲ್ಲಿ ಜಾಸ್ತಿ. ಹಸುಗೆ ಮೇವು ಹಾಕೋದು, ಹಾಲು ಕರೆಯೋದು ಯಾವತ್ತೂ ತಪ್ಪಲ್ಲ, ಅದು ನಿಜ. ಆದರೆ ನಮ್ಮ ಹಳೇ ಮೈಸೂರು ಕಡೆ ಡಿಸೆಂಬರ್ ಕೊನೆ ವಾರ ಅಂದ್ರೆ ರಾಗಿ ಕೊಯ್ದು ಮೆದೆ ಹಾಕಿ ಆಗಿರುತ್ತೆ, ಕಣದ ಕೆಲಸ ಇನ್ನೂ ಶುರುವಾಗಿರಲ್ಲ. ಈ ಸಂದಿಯಲ್ಲಿ ಒಂದು ದಿನ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಹೊಲದ ಕಡೆ ತಲೆ ಹಾಕದೆ ಮನೇಲಿ ಕೂತ್ಕೊಳ್ಳಿ ಅಂತ ನಾನು ಹೇಳ್ತೀನಿ. ಸೋಮಾರಿತನ ಅನ್ನೋರು ಅನ್ಲಿ. ಏಪ್ರಿಲ್‌ನಲ್ಲಿ ಬೆಳೆ ಅರ್ಧ ಬಂದಾಗ ನೀರು ಇಳಿದು, ಸಾಲ ಮಾಡಿ ಇನ್ನೊಂದು ಬೋರು ಕೊರೆಸೋ ಪರಿಸ್ಥಿತಿಗೆ ಬರ್ತಾರಲ್ಲ, ಅಂಥವರಲ್ಲಿ ಹೆಚ್ಚಿನವರು ಜನವರಿಯಲ್ಲಿ ನಿಂತ ಕಾಲಲ್ಲೇ ತೀರ್ಮಾನ ಮಾಡಿ ನಾರು ಹಾಕಿದೋರು.

ಆ ದಿನದ ಅಡುಗೆ ಏನು ಅಂತ ಕೇಳೋದೇ ಬೇಡ. ಸೊಗಡವರೆ ಕಾಲ. ಹಿಂದಿನ ರಾತ್ರಿಯೇ ಕಾಳು ಬಿಡಿಸಿ ನೆನೆಹಾಕಿ, ಬೆಳಿಗ್ಗೆ ಹಿತುಕೋಕೆ ಎಲ್ಲರೂ ಕೂರಬೇಕು. ಗಂಡಸರಿಗೆ ಇದರಲ್ಲಿ ರಿಯಾಯಿತಿ ಇಲ್ಲ. ಮನೆಮಂದಿಗೆಲ್ಲ ಸಾಕಾಗುವಷ್ಟು ಬೇಳೆ ಆಗೋಕೆ ಗಂಟೆಗಟ್ಟಲೆ ಬೇಕು, ಕೈಯೆಲ್ಲಾ ಒದ್ದೆ, ಬೆರಳಿಗೆ ಸಿಪ್ಪೆ ಅಂಟಿರುತ್ತೆ, ಫೋನ್ ಮುಟ್ಟೋಕಾಗಲ್ಲ. ನಮಗೆ ಬೇಕಾಗಿರೋದೂ ಅದೇ. ಮಾತು ತಾನಾಗೇ ಶುರುವಾಗುತ್ತೆ. ಹೋದ ಬೇಸಿಗೆ ನೀರು ಯಾವಾಗಿಂದ ಕಮ್ಮಿ ಆಯ್ತು ಅಂತ ಅಪ್ಪನ್ನ ಕೇಳಿದ್ರೆ "ಏಪ್ರಿಲ್ಲೋ ಮೇನೋ" ಅಂತಾರೆ. ಅಮ್ಮನ್ನ ಕೇಳಿ. "ಯುಗಾದಿ ಆಗಿ ಎಂಟು ದಿನಕ್ಕೆ ತೊಟ್ಟಿ ತುಂಬೋದು ನಿಂತೋಯ್ತು" ಅಂತ ಕರಾರುವಾಕ್ಕಾಗಿ ಹೇಳ್ತಾರೆ. ಬಿಂದಿಗೆ ಹೊತ್ತವರಿಗೆ ದಿನ ಮರೆಯಲ್ಲ. ಯಾವ ಬದನೆ ಸಾರಿಗೆ ಹೊಂದ್ತು, ಯಾವ ಹೀರೆ ಕಹಿ ಬಂತು, ಯಾವ ಸೊಪ್ಪನ್ನ ಸಂತೆಯಲ್ಲಿ ಹುಡುಕಿಕೊಂಡು ಬಂದು ಕೇಳಿದ್ರು, ಈ ಲೆಕ್ಕಗಳೂ ಅಡುಗೆಮನೆಯಲ್ಲೇ ಇವೆ. ನಾನು ತೋಟಗಾರಿಕೆ ಓದಿದ ನಾಲ್ಕು ವರ್ಷದಲ್ಲಿ ಈ ಮೀಟಿಂಗ್ ಬಗ್ಗೆ ಯಾವ ಪಾಠದಲ್ಲೂ ಇರಲಿಲ್ಲ.

ಮೊದಲು ನೀರಿನ ಲೆಕ್ಕ ಮಾಡಿ, ಬೆಳೆ ಯಾವುದು ಅನ್ನೋದು ಆಮೇಲೆ. ಹಿಂದಿನ ದಿನವೇ ಒಂದು 200 ಲೀಟರ್ ಡ್ರಮ್ಮು ಬೋರಿನ ಬಾಯಿಗೆ ಇಟ್ಟು, ತುಂಬೋಕೆ ಎಷ್ಟು ನಿಮಿಷ ಆಯ್ತು ನೋಡ್ಕೊಂಡು ಬಂದಿರಿ. 3 ನಿಮಿಷ ಆದ್ರೆ ಗಂಟೆಗೆ 4,000 ಲೀಟರ್. ನೆಚ್ಚಿಕೊಳ್ಳಬಹುದಾದ ಕರೆಂಟು ದಿನಕ್ಕೆ 5 ಗಂಟೆ ಅಂದ್ಕೊಳ್ಳಿ, 20,000 ಲೀಟರ್ ಆಯ್ತು. ಒಂದು ಎಕರೆ ಮೇಲೆ 1 ಮಿಲಿಮೀಟರ್ ನೀರು ಅಂದ್ರೆ ಸುಮಾರು 4,000 ಲೀಟರ್. ಏಪ್ರಿಲ್ ಬಿಸಿಲಲ್ಲಿ ತುಂಬಿ ಬೆಳೆದ ತರಕಾರಿಗೆ ದಿನಕ್ಕೆ 5 ಮಿಲಿಮೀಟರ್ ಹತ್ತಿರ ಬೇಕು. ಅಂದ್ರೆ ಈ ಬೋರಿಗೆ ಒಂದೇ ಎಕರೆ, ಅದೂ ಇವತ್ತಿನ ನೀರೇ ಆವತ್ತೂ ಬಂದ್ರೆ. ಅಮ್ಮ ಹೇಳಿದ ಹಾಗೆ ಯುಗಾದಿ ಆದ್ಮೇಲೆ ನೀರು ಅರ್ಧಕ್ಕೆ ಇಳಿಯೋದಾದ್ರೆ ನಿಮ್ಮ ಬೇಸಿಗೆ ತೋಟ ಅರ್ಧ ಎಕರೆ. ಹೊದಿಕೆ ಚೆನ್ನಾಗಿ ಹಾಕಿ, ಡ್ರಿಪ್ ಸರಿಯಾಗಿಟ್ಟುಕೊಂಡ್ರೆ ಇನ್ನೂ ಸ್ವಲ್ಪ ಎಳೆಯಬಹುದು, ಆದರೆ ಎರಡು ಎಕರೆ ಖಂಡಿತ ಆಗಲ್ಲ. ಈ ಅಂಕಿಯನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪಗೆ ಬರೆದಿಡಿ. ಗ್ರೂಪಲ್ಲಿ ಯಾರೋ ಕಲ್ಲಂಗಡಿ ಫೋಟೋ ಹಾಕಿದಾಗ ಬೇಕಾಗುತ್ತೆ.

ರೇಟಿನ ವಿಷಯ. ಫೋನಲ್ಲಿ ಕಾಣೋದು ಇವತ್ತಿನ ಮಾರುಕಟ್ಟೆ ರೇಟು. ಟೊಮೆಟೊ ನಾರು ಹಾಕಿದ ದಿನದಿಂದ ಮೊದಲ ಕೊಯ್ಲಿಗೆ ಮೂರು ತಿಂಗಳು ಹಿಡಿಯುತ್ತೆ. 2023ರ ಜುಲೈನಲ್ಲಿ ಕೆ.ಜಿ.ಗೆ 100 ರೂಪಾಯಿ ದಾಟಿದ ಟೊಮೆಟೊ, ಸೆಪ್ಟೆಂಬರ್ ಹೊತ್ತಿಗೆ ನೆಲ ಕಚ್ಚಿತ್ತು. ಜುಲೈ ರೇಟು ನೋಡಿ ನಾರು ಹಾಕಿದೋರ ಹಣ್ಣು ಯಾವಾಗ ಬಂದಿರುತ್ತೆ, ನೀವೇ ಎಣಿಸಿ. ಹಾಗಾಗಿ ಒಂದೇ ಬೆಳೆಗೆ ಜೋತು ಬೀಳದೆ, ಅರ್ಧ ಎಕರೆಯನ್ನೇ ನಾಲ್ಕು ಭಾಗ ಮಾಡೋದು ನನಗೆ ಇಷ್ಟ. ವ್ಯಾಪಾರಿಗಳು ಬೈತಾರೆ, ಲೋಡ್ ಆಗಲ್ಲ ಅಂತ. ಸಂತೆಗೂ ಗೊತ್ತಿರೋ ಮನೆಗಳಿಗೂ ಕೊಡೋರಿಗೆ ಅದೇ ಅನುಕೂಲ.

ನೋಟ್‌ಬುಕ್ಕಲ್ಲಿ ಹಿಂದಿನಿಂದ ಮುಂದಕ್ಕೆ ಎಣಿಸಬೇಕು. ಡಿಸೆಂಬರ್ ಅಂತ ನಾನು ಪಟ್ಟು ಹಿಡಿಯೋದು ಇದಕ್ಕೇ. ಟೊಮೆಟೊಗೆ ಕಾಯಿಕೊರಕ ಬರದ ಹಾಗೆ ಚೆಂಡುಹೂವು ಹಾಕಿ ಅಂತ ಎಲ್ಲರೂ ಕೇಳಿರ್ತೀರಿ. 16 ಸಾಲು ಟೊಮೆಟೊಗೆ 1 ಸಾಲು ಚೆಂಡುಹೂವು. ಆದರೆ ಎರಡೂ ಒಂದೇ ದಿನ ಬಿತ್ತಿದ್ರೆ ಪ್ರಯೋಜನ ಇಲ್ಲ. ಟೊಮೆಟೊ ಹೂ ಬಿಡೋ ಹೊತ್ತಿಗೆ ಚೆಂಡುಹೂವೂ ಅರಳಿರಬೇಕು, ಆಗಲೇ ಪತಂಗ ಅದರ ಮೇಲೆ ಹೋಗಿ ಮೊಟ್ಟೆ ಇಡೋದು. ಅದಕ್ಕೆ 45 ದಿನದ ಚೆಂಡುಹೂವಿನ ಸಸಿ, 25 ದಿನದ ಟೊಮೆಟೊ ಸಸಿ, ಎರಡನ್ನೂ ಒಂದೇ ದಿನ ನಾಟಿ ಮಾಡಬೇಕು. ಫೆಬ್ರವರಿ 15ಕ್ಕೆ ನಾಟಿ ಅಂದ್ರೆ ಟೊಮೆಟೊ ಬೀಜ ಜನವರಿ 21ಕ್ಕೆ, ಚೆಂಡುಹೂವಿನ ಬೀಜ ಜನವರಿ 1ಕ್ಕೇ ಟ್ರೇಗೆ ಬೀಳಬೇಕು. ಸಂಕ್ರಾಂತಿ ಆಗ್ಲಿ ನೋಡೋಣ ಅಂದ್ರೆ ತಡವಾಯ್ತು. ಔಷಧಿ ಹೊಡೆಯದೆ ಬೆಳೆಯೋರಿಗೆ ಈ 20 ದಿನದ ಅಂತರವೇ ಔಷಧಿ. ಬರೆದಾದ ಮೇಲೆ ಕೈ ತೊಳೆದು ಫೋನ್ ತೆಗೆದು ಈ ತಾರೀಖುಗಳಿಗೆಲ್ಲ ಅಲಾರಂ ಇಡಿ. ಫೋನಿಗೆ ಅವತ್ತು ಅಷ್ಟೇ ಕೆಲಸ.

ಅಷ್ಟರಲ್ಲಿ ಒಲೆ ಮೇಲೆ ಬೇಳೆ ಸಾರು ಕುದಿದು ಘಮಘಮ ಅಂತಿರುತ್ತೆ, ಯಾರಾದ್ರೂ ಒಬ್ಬರು "ಇದೇ ಬೀಜ ಬೇಸಿಗೆಗೂ ಹಾಕೋಣ" ಅಂದೇ ಅಂತಾರೆ. ಬೇಡ. ನಾಡ ಸೊಗಡವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡೋ ಬಳ್ಳಿ. ಫೆಬ್ರವರಿಯಲ್ಲಿ ಬಿತ್ತಿದ್ರೆ ಬೇಸಿಗೆಯೆಲ್ಲಾ ನೀರು ಕುಡಿದು ಬರೀ ಬಳ್ಳಿ ಹಬ್ಬಿಸುತ್ತೆ, ಹೂ ನೋಡೋಕೆ ಮತ್ತೆ ಚಳಿಗಾಲ ಬರಬೇಕು. ಬೇಸಿಗೆಗೂ ಅವರೆ ಬೇಕೇ ಬೇಕು ಅನ್ನೋರಿಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಎಚ್‌ಎ-4 ತಳಿ ಇದೆ, ಅದು ಹಗಲಿನ ಉದ್ದ ನೋಡಲ್ಲ, ಯಾವ ಕಾಲದಲ್ಲಾದ್ರೂ ಕಾಯಿ ಬಿಡುತ್ತೆ. ಸೊಗಡಿನ ಮಾತು ಬೇರೆ, ಅದನ್ನ ನಾಡತಳಿ ಜೊತೆ ಹೋಲಿಸೋಕೆ ಹೋಗ್ಬೇಡಿ.

ನಾಡತಳಿಯ ಬೀಜ ಮಾತ್ರ ಈಗಲೇ ಆರಿಸಬೇಕು. ನಮ್ಮಲ್ಲಿ ಚೆನ್ನಾಗಿರೋ ಕಾಯನ್ನೆಲ್ಲ ಕಿತ್ತು ತಿಂದು, ಮಾರಿ, ಕೊನೆಗೆ ಉಳಿದ ಹುಳುಕು ಕಾಯಿಗಳನ್ನ ಬೀಜಕ್ಕೆ ಬಿಡೋ ರೂಢಿ ಇದೆ. ಹತ್ತು ವರ್ಷ ಹೀಗೆ ಮಾಡಿದ್ರೆ ತಳಿ ಏನಾಗಬೇಡ? ಮುದ್ದೆ ಊಟ ಮಾಡಿ, ಒಂದು ನಿದ್ದೆ ತೆಗೆದು, ಸಂಜೆ ಬಿಸಿಲು ಇಳಿಯೋ ಮುಂಚೆ ಇದೊಂದು ಕೆಲಸಕ್ಕೆ ಬೇಕಾದ್ರೆ ಹೊಲಕ್ಕೆ ಹೋಗ್ಬನ್ನಿ. ಕಾಯಿ ತುಂಬಿದ, ಸೊಗಡು ಅಂಟೋ ಹತ್ತು ಹದಿನೈದು ಗಿಡ ನೋಡಿ, ಹಳೇ ಸೀರೆ ಅಂಚಿನ ಚೂರು ಕಟ್ಟಿ. ಆ ಗಿಡಗಳಿಗೆ ಯಾರೂ ಕೈ ಹಾಕಬಾರದು ಅಂತ ಮನೇಲಿ ಹೇಳಿಬಿಡಿ, ಮಕ್ಕಳಿಗೆ ಎರಡು ಸಲ ಹೇಳಿ.