ಲೇಪಾಕ್ಷಿಯ ಛಾವಣಿ, ರೋಮಿನ ಗೋಡೆ

ಗೌರಿಬಿದನೂರಿನ ಹುಡುಗಿಯೊಬ್ಬಳು ಚಿತ್ರಕಲೆ ಕಲಿಯಲು ಕಾಲೇಜು ಸೇರಿದರೆ, ಗುಹಾಚಿತ್ರಗಳಿಂದ ಪಿಕಾಸೊವರೆಗಿನ ಪಾಶ್ಚಾತ್ಯ ಕಲಾ ಇತಿಹಾಸವನ್ನು ಓದಲೇಬೇಕಾಗುತ್ತದೆ. ಇದೆಲ್ಲ ನಮಗೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಜವಾದ ಕಲೆ ಅಲ್ಲಿಯದೇ ಎನ್ನುವವರಿದ್ದಾರೆ. ನಮ್ಮಲ್ಲಿ ಇಲ್ಲದ್ದು ಅಲ್ಲೇನಿದೆ ಎನ್ನುವವರೂ ಇದ್ದಾರೆ. ಇಬ್ಬರೂ ಆ ಇತಿಹಾಸವನ್ನು ಪೂರ್ತಿ ಓದಿದವರಲ್ಲ ಎಂಬುದು ನನ್ನ ವಾದ.

ಹಿಂದೂಪುರ ದಾಟಿದರೆ ಲೇಪಾಕ್ಷಿ. ಅಲ್ಲಿನ ವೀರಭದ್ರ ದೇವಾಲಯವನ್ನು ಅಚ್ಯುತದೇವರಾಯನ ಕಾಲದಲ್ಲಿ, 1530ರ ಸುಮಾರಿಗೆ, ವಿರೂಪಣ್ಣ ಮತ್ತು ವೀರಣ್ಣ ಸೋದರರು ಕಟ್ಟಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1536ರಿಂದ 1541ರವರೆಗೆ, ಮೈಕೆಲಾಂಜೆಲೊ ರೋಮಿನ ಸಿಸ್ಟೈನ್ ಚಾಪೆಲ್‌ನ ಗೋಡೆಯ ಮೇಲೆ ‘ಅಂತಿಮ ತೀರ್ಪು’ ಬರೆಯುತ್ತಿದ್ದ. ಅಲ್ಲಿ ತಿರುಚಿಕೊಂಡ ದೇಹಗಳು, ಉಬ್ಬಿದ ಮಾಂಸಖಂಡಗಳು. ಇಲ್ಲಿ ದೇವಾಲಯದ ಛಾವಣಿಯ ಚಿತ್ರಗಳಲ್ಲಿ ಕಪ್ಪುಗೆರೆಯೊಳಗೆ ತುಂಬಿದ ಚಪ್ಪಟೆ ಬಣ್ಣ, ಪಕ್ಕಕ್ಕೆ ತಿರುಗಿದ ಮುಖದಲ್ಲಿ ಅಗಲವಾಗಿ ತೆರೆದ ಕಣ್ಣು, ಸೀರೆಯ ಅಂಚಿನ ಬಗೆಬಗೆಯ ವಿನ್ಯಾಸ. ಪುನರುಜ್ಜೀವನದ ಪಾಠಕ್ಕೇ ಪುಸ್ತಕ ಮುಚ್ಚಿಟ್ಟವನಿಗೆ, ನಮ್ಮ ಚಿತ್ರಕಾರನಿಗೆ ಆಳ ತೋರಿಸಲು ಬರುತ್ತಿರಲಿಲ್ಲ ಎನಿಸುತ್ತದೆ. ಕೀಳರಿಮೆ ಹುಟ್ಟುವುದು ಇಲ್ಲಿಯೇ.

ಆದರೆ ದೂರ–ಹತ್ತಿರವನ್ನು ರೇಖಾಗಣಿತದಿಂದ ತೋರಿಸುವ ಪರ್ಸ್‌ಪೆಕ್ಟಿವ್ ಸಾರ್ವಕಾಲಿಕ ಸತ್ಯವೇನಲ್ಲ. ಅದು ಹದಿನೈದನೇ ಶತಮಾನದ ಫ್ಲಾರೆನ್ಸ್‌ನಲ್ಲಿ ರೂಪುಗೊಂಡ ಒಂದು ಕಟ್ಟಳೆ. ಬ್ರುನೆಲೆಸ್ಕಿ ಪ್ರಯೋಗ ಮಾಡಿದ, ಆಲ್ಬರ್ಟಿ 1435ರಲ್ಲಿ ಅದನ್ನು ಬರೆದಿಟ್ಟ. ನೋಡುವವನು ಒಂದೇ ಕಡೆ ನಿಂತಿದ್ದಾನೆ ಎಂಬುದು ಅದರ ಮೂಲ ಷರತ್ತು. ಲೇಪಾಕ್ಷಿಯ ಮಂಟಪದಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ. ತಲೆಯೆತ್ತಿ ನಡೆಯುತ್ತಾ ಹೋದಂತೆ ತೊಲೆಗಳ ನಡುವಿನ ಉದ್ದನೆಯ ಪಟ್ಟಿಗಳಲ್ಲಿ ಕಥೆ ಮುಂದುವರಿಯುತ್ತದೆ. ಅಂಥ ಕಡೆ ಫ್ಲಾರೆನ್ಸ್‌ನ ಕಟ್ಟಳೆಗೆ ಕೆಲಸವೇ ಇಲ್ಲ.

ಪುಸ್ತಕದ ಉಳಿದ ಪುಟಗಳು ಇದನ್ನೇ ಹೇಳುತ್ತವೆ. ವ್ಯಾನ್ ಗೋ 1887ರಲ್ಲಿ ಜಪಾನಿನ ಹಿರೋಶಿಗೆಯ ಅಚ್ಚುಚಿತ್ರಗಳನ್ನು ನಕಲು ಮಾಡಿ ಚಪ್ಪಟೆ ಬಣ್ಣದ ಶಕ್ತಿ ಕಲಿತ. 1907ರಲ್ಲಿ ಪಿಕಾಸೊ ‘ಅವಿನ್ಯೋಂನ ತರುಣಿಯರು’ ಚಿತ್ರದಲ್ಲಿ ಹಳೆಯ ಕಟ್ಟಳೆಯನ್ನು ಮುರಿದೇಬಿಟ್ಟ. ಮೊದಲ ಪುಟಗಳದೂ ಇದೇ ಸಾಕ್ಷ್ಯ. ಸ್ಪೇನಿನ ಆಲ್ತಮಿರಾ ಗುಹೆಯ ಚಿತ್ರಗಳು 1879ರಲ್ಲಿ ಕಣ್ಣಿಗೆ ಬಿದ್ದಾಗ, ಆದಿಮಾನವ ಇಷ್ಟು ಚೆನ್ನಾಗಿ ಬರೆಯಲಾರ ಎಂದು ವಿದ್ವಾಂಸರು ತಳ್ಳಿಹಾಕಿದರು. ಒಪ್ಪಲು 1902 ಬರಬೇಕಾಯಿತು. 1994ರಲ್ಲಿ ಸಿಕ್ಕ ಫ್ರಾನ್ಸಿನ ಶೊವೆ ಗುಹೆಯ ಸಿಂಹ, ಕುದುರೆಗಳಿಗೆ ಮೂವತ್ತು ಸಾವಿರ ವರ್ಷಕ್ಕೂ ಮಿಕ್ಕಿದ ವಯಸ್ಸು. ಅವುಗಳಲ್ಲಿ ನೆರಳು–ಬೆಳಕಿನ ಹದವೂ ಇದೆ. ಕಲೆ ಒರಟಿನಿಂದ ನಯಕ್ಕೆ ಮೆಟ್ಟಿಲೇರುತ್ತಾ ಬಂತೆಂಬ ನಂಬಿಕೆ ಎರಡೂ ತುದಿಯಲ್ಲಿ ಕುಸಿಯುತ್ತದೆ.

ಪಶ್ಚಿಮವನ್ನು ಓದಿದರೆ ನಮ್ಮತನ ಕಳೆದೀತೆಂಬ ಭಯಕ್ಕೆ ಕೆ. ಕೆ. ಹೆಬ್ಬಾರರೇ ಉತ್ತರ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ. ಜೆ. ಶಾಲೆಯಲ್ಲಿ, ಬಳಿಕ ಪ್ಯಾರಿಸ್ಸಿನಲ್ಲಿ ಕಲಿತರು. ಆದರೂ ಅವರ ಗೆರೆಗಳಲ್ಲಿ ಕುಣಿದದ್ದು ಯಕ್ಷಗಾನ.

ಪಾಶ್ಚಾತ್ಯ ಕಲಾ ಇತಿಹಾಸದ ಗ್ರಂಥಗಳು ಉಳಿದ ಜಗತ್ತನ್ನು ಮೂಲೆಗೆ ತಳ್ಳುತ್ತವೆ ಎಂಬ ದೂರು ನ್ಯಾಯವಾದದ್ದೇ. ಅದಕ್ಕೆ ಮದ್ದು ಓದು ಬಿಡುವುದಲ್ಲ, ಆ ಓದು ಕಲಿಸುವ ಪ್ರಶ್ನೆಗಳನ್ನು ಇಲ್ಲಿಯೂ ಕೇಳುವುದು. ಹಣ ಕೊಟ್ಟವರು ಯಾರು, ಬಣ್ಣ ಯಾವುದರಿಂದ ಬಂತು, ಯಾವ ಭಾಗ ಯಾವ ಕಾಲದ್ದು? ಒಂಬತ್ತನೇ ಶತಮಾನದಿಂದ ವಿಜಯನಗರದವರೆಗೆ ಹಂತಹಂತವಾಗಿ ಬೆಳೆದ ನಂದಿಯ ಭೋಗನಂದೀಶ್ವರ ದೇವಾಲಯ ಈ ಪ್ರಶ್ನೆಗಳಿಗೆ ತಕ್ಕ ಜಾಗ. ಪ್ರಶ್ನಿಸದೆ ಏನನ್ನೂ ಒಪ್ಪದ ಎಚ್. ನರಸಿಂಹಯ್ಯನವರು ಹುಟ್ಟಿದ್ದು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಪರದೇಶದ್ದೆಂಬ ಬೆರಗಾಗಲಿ, ನಮ್ಮದೆಂಬ ಹೆಮ್ಮೆಯಾಗಲಿ ಪರೀಕ್ಷೆಯಿಂದ ತಪ್ಪಿಸಿಕೊಳ್ಳಬಾರದು.

ಕಲಾ ಶಿಕ್ಷಕರು ಮೈಕೆಲಾಂಜೆಲೊ ಪಾಠ ಮಾಡುವ ವಾರದಲ್ಲೇ ಮಕ್ಕಳನ್ನು ಲೇಪಾಕ್ಷಿಗೆ ಕರೆದೊಯ್ಯಲಿ. ಎರಡನ್ನೂ ಒಟ್ಟಿಗೆ ನೋಡಿದವರು ಯಾವುದಕ್ಕೂ ತಲೆಬಾಗಬೇಕಿಲ್ಲ, ಯಾವುದನ್ನೂ ಹಳಿಯಬೇಕಿಲ್ಲ.