‘ಆಗದು ಸಾರ್’ ಎನ್ನುವವರೂ ಬೇಕು

ಸರ್ಕಾರಿ ಅಧಿಕಾರಿಗಳಲ್ಲಿ ನಾಯಕತ್ವದ ಗುಣ ಬೆಳೆಸಬೇಕೆಂಬ ಮಾತು ಹೊಸದಲ್ಲ. ಮಸ್ಸೂರಿಯ ಅಕಾಡೆಮಿಯಿಂದ ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯವರೆಗೆ ಇದಕ್ಕಾಗಿ ತರಗತಿಗಳು ನಡೆಯುತ್ತವೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ ‘ಮಿಷನ್ ಕರ್ಮಯೋಗಿ’ ಈ ಕಲಿಕೆಯನ್ನು ಅಂತರ್ಜಾಲಕ್ಕೂ ತಂದಿತು. ಇವೆಲ್ಲ ಸ್ವಾಗತಾರ್ಹ. ಆದರೆ ತರಬೇತಿ ಮುಗಿಸಿ ಕಚೇರಿಗೆ ಮರಳಿದ ಅಧಿಕಾರಿ ಅಲ್ಲಿ ಪ್ರತಿನಿತ್ಯ ಏನನ್ನು ಕಲಿಯುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ.

ಅವರು ಕಲಿಯುವುದು, ತಮ್ಮ ಮಾತಿಗೆ ಎದುರು ಹೇಳುವವರಿಲ್ಲ ಎಂಬುದನ್ನು. ಸೇವೆಗೆ ಸೇರಿದ ಹೊಸತರಲ್ಲಿ ಅನುಭವಸ್ಥ ಶಿರಸ್ತೇದಾರರು, ಗುಮಾಸ್ತರು ‘ಸ್ವಾಮಿ, ಇದಕ್ಕೆ ನಿಯಮದಲ್ಲಿ ಅವಕಾಶವಿಲ್ಲ’ ಎಂದು ತಿದ್ದುತ್ತಾರೆ. ಜಿಲ್ಲೆಯ ಹೊಣೆ ಹೊರುವ ವೇಳೆಗೆ ಆ ದನಿ ಮೆತ್ತಗಾಗುತ್ತದೆ. ಇಲಾಖೆಯ ಕಾರ್ಯದರ್ಶಿಯಾಗುವಷ್ಟರಲ್ಲಿ ಅದು ಕೇಳಿಸುವುದೇ ಇಲ್ಲ. ಹುದ್ದೆ ಏರಿದಂತೆ ನಿರ್ಧಾರಗಳ ಪರಿಣಾಮ ಹಿಗ್ಗುತ್ತದೆ. ಅವುಗಳಲ್ಲಿನ ತಪ್ಪನ್ನು ತೋರಿಸುವವರ ಸಂಖ್ಯೆ ಕುಗ್ಗುತ್ತದೆ. ತಿದ್ದಿಸಿಕೊಳ್ಳುವುದರಿಂದಲೇ ಮನುಷ್ಯ ಬೆಳೆಯುತ್ತಾನೆ ಎನ್ನುವುದಾದರೆ, ನಮ್ಮ ಅಧಿಕಾರಶ್ರೇಣಿ ತನ್ನ ತುದಿಯಲ್ಲಿರುವವರ ಬೆಳವಣಿಗೆಗೇ ಅಡ್ಡಿಯಾಗಿದೆ.

ಇಂಥ ಮೌನಕ್ಕೆ ತೆರಬೇಕಾದ ಬೆಲೆಯನ್ನು ವಿಮಾನಯಾನದ ಇತಿಹಾಸ ತೋರಿಸಿಕೊಟ್ಟಿದೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ, ಮಂಜು ಕವಿದಿದ್ದಾಗ, ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಮೃತಪಟ್ಟರು. ಅನುಮತಿ ಸಿಗುವ ಮೊದಲೇ ವಿಮಾನವನ್ನು ಹಾರಿಸಲು ಹೊರಟ ಕ್ಯಾಪ್ಟನ್, ತಮ್ಮ ಸಂಸ್ಥೆಯ ಹಿರಿಯ ತರಬೇತುದಾರರಾಗಿದ್ದವರು. ಇನ್ನೊಂದು ವಿಮಾನ ರನ್‌ವೇಯಿಂದ ಸರಿದಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಸಂಶಯ ವ್ಯಕ್ತಪಡಿಸಿದ್ದರು. ಸರಿದಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. 1980ರ ದಶಕದಿಂದ ವಿಮಾನಯಾನ ಸಂಸ್ಥೆಗಳು ಕಿರಿಯರು ಸಂಶಯವನ್ನು ಬಾಯಿಬಿಟ್ಟು ಹೇಳುವುದನ್ನೂ, ಹಿರಿಯರು ಅದಕ್ಕೆ ಕಿವಿಗೊಡುವುದನ್ನೂ ತರಬೇತಿಯ ಭಾಗವಾಗಿಸತೊಡಗಿದವು. ಅದನ್ನು ಅವರವರ ಸ್ವಭಾವಕ್ಕೆ ಬಿಡಲಿಲ್ಲ.

ಸರ್ಕಾರಿ ಕಚೇರಿಯ ಅಪಘಾತಗಳು ಹೀಗೆ ಕಣ್ಣಿಗೆ ರಾಚುವುದಿಲ್ಲ. ನೀರು ಹರಿಯದ ನಾಲೆ, ವೈದ್ಯರಿಲ್ಲದ ಆಸ್ಪತ್ರೆ ಕಟ್ಟಡ, ಬಾಗಿಲು ತೆರೆಯದ ಮಾರುಕಟ್ಟೆ ಸಂಕೀರ್ಣ ಮುಂತಾದವುಗಳ ಹಿಂದೆ, ಇದು ಕೈಗೂಡದೆಂದು ಮೊದಲೇ ಅರಿತಿದ್ದ ಕಿರಿಯ ಎಂಜಿನಿಯರೋ ತಾಲ್ಲೂಕು ಮಟ್ಟದ ಅಧಿಕಾರಿಯೋ ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಕಡತದಲ್ಲಿ ಮಾತ್ರ ಅವರ ಅಭಿಪ್ರಾಯ ಸಿಗುವುದಿಲ್ಲ. ಸಂಸ್ಥೆಯೊಂದು ಕೆಡತೊಡಗಿದಾಗ ಅದರೊಳಗಿನವರು ಒಂದೋ ಹೊರನಡೆಯುತ್ತಾರೆ, ಇಲ್ಲವೇ ದನಿಯೆತ್ತುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಕೃತಿಯಲ್ಲಿ ವಿಶ್ಲೇಷಿಸಿದರು. ನಮ್ಮ ಸರ್ಕಾರಿ ನೌಕರರು ಕೆಲಸ ಬಿಟ್ಟು ಹೋಗುವುದು ವಿರಳ. ದನಿಗೂ ಅವಕಾಶವಿಲ್ಲವೆಂದ ಮೇಲೆ ಉಳಿಯುವುದು ಮೌನವೊಂದೇ. ಮೇಲಧಿಕಾರಿ ಅದನ್ನು ಸಮ್ಮತಿಯೆಂದು ಭಾವಿಸುತ್ತಾರೆ.

ಸ್ವತಂತ್ರ ಭಾರತದ ಆಡಳಿತಕ್ಕೆ ಅಡಿಪಾಯ ಹಾಕಿದವರಿಗೆ ಈ ಅಪಾಯದ ಅರಿವಿತ್ತು. 1949ರ ಅಕ್ಟೋಬರ್ 10ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡಿದ ಸರ್ದಾರ್ ಪಟೇಲರು, ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಟಿಪ್ಪಣಿಯನ್ನು ತಮ್ಮ ಕಾರ್ಯದರ್ಶಿ ಬರೆಯಬಹುದೆಂದೂ, ಎಲ್ಲ ಕಾರ್ಯದರ್ಶಿಗಳಿಗೂ ಆ ಸ್ವಾತಂತ್ರ್ಯ ನೀಡಿರುವುದಾಗಿಯೂ ತಿಳಿಸಿದರು. ಇದರಿಂದ ಪಟೇಲರ ಅಧಿಕಾರವೇನೂ ಕುಂದಲಿಲ್ಲ. ಟಿಪ್ಪಣಿ ಓದಿದ ಮೇಲೂ ತೀರ್ಮಾನ ಸಚಿವರದೇ. ತೀರ್ಮಾನವಾದ ಮೇಲೆ ಅದನ್ನು ನಿಷ್ಠೆಯಿಂದ ಜಾರಿಗೆ ತರುವುದು ಅಧಿಕಾರಿಯ ಕರ್ತವ್ಯ. ಭಿನ್ನಾಭಿಪ್ರಾಯ ಬೇರೆ, ಅವಿಧೇಯತೆ ಬೇರೆ.

ಇದಕ್ಕೆಲ್ಲ ಅವಕಾಶ ಕೊಟ್ಟರೆ ಶಿಸ್ತು ಸಡಿಲವಾಗುತ್ತದೆ, ಕೆಲಸ ನಿಧಾನವಾಗುತ್ತದೆ ಎಂಬ ಆಕ್ಷೇಪವಿದೆ. ಶಿಸ್ತಿಗೆ ಹೆಸರಾದ ನಮ್ಮ ಸೇನೆಯನ್ನೇ ನೋಡೋಣ. 1954ರ ಸೇನಾ ನಿಯಮಗಳ ಪ್ರಕಾರ ಕೋರ್ಟ್ ಮಾರ್ಷಲ್‌ನಲ್ಲಿ ಸದಸ್ಯರ ಅಭಿಪ್ರಾಯವನ್ನು ದರ್ಜೆಯಲ್ಲಿ ಅತಿ ಕಿರಿಯರಿಂದ ಆರಂಭಿಸಿ ಪಡೆಯಬೇಕು. ಹಿರಿಯರು ಮೊದಲು ಮಾತನಾಡಿದರೆ ಕಿರಿಯರು ಅದನ್ನೇ ಅನುಮೋದಿಸುತ್ತಾರೆ ಎಂಬ ವ್ಯಾವಹಾರಿಕ ಜ್ಞಾನ ಆ ನಿಯಮದ ಹಿಂದಿದೆ. ಇನ್ನು ವಿಳಂಬದ ಮಾತು. ಆರಂಭದಲ್ಲೇ ಬರೆದ ಒಂದು ಪುಟದ ಆಕ್ಷೇಪ ತೆಗೆದುಕೊಳ್ಳುವ ಸಮಯ, ಕಾಮಗಾರಿ ಕೆಟ್ಟ ಮೇಲೆ ನಡೆಯುವ ತನಿಖೆಗಿಂತ ಬಹಳ ಕಡಿಮೆ.

ಕಾನೂನಿನ ಆಸರೆಯೂ ಒಂದಿಷ್ಟಿದೆ. ಮೌಖಿಕ ಆದೇಶಗಳನ್ನು ಲಿಖಿತ ರೂಪದಲ್ಲಿ ದೃಢಪಡಿಸಿಕೊಳ್ಳಬೇಕೆಂದು ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳು ಹೇಳುತ್ತವೆ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್‌ನಲ್ಲಿ ಇದನ್ನೇ ಒತ್ತಿ ಹೇಳಿತು. ಕೊರತೆ ಇರುವುದು ಮೌಲ್ಯಮಾಪನದಲ್ಲಿ. ವಾರ್ಷಿಕ ಕಾರ್ಯನಿರ್ವಹಣಾ ವರದಿ ಮೇಲಿನಿಂದ ಕೆಳಕ್ಕೆ ಮಾತ್ರ ನೋಡುತ್ತದೆ. ಕಿರಿಯರು, ಸಹೋದ್ಯೋಗಿಗಳನ್ನೂ ಗುಟ್ಟಾಗಿ ವಿಚಾರಿಸುವ ಕೇಂದ್ರದ ‘360 ಡಿಗ್ರಿ’ ಪದ್ಧತಿ ಪಾರದರ್ಶಕವಾಗಿಲ್ಲವೆಂದು ಸಂಸದೀಯ ಸ್ಥಾಯಿ ಸಮಿತಿ 2017ರಲ್ಲಿ ಆಕ್ಷೇಪಿಸಿತು. ಆ ಆಕ್ಷೇಪ ನ್ಯಾಯವಾದುದು. ಗುಟ್ಟಿನ ಮಾತು ಚಾಡಿಗೂ ದಾರಿಯಾಗುತ್ತದೆ. ಸಹಿ ಹಾಕಿದ ಟಿಪ್ಪಣಿಗೆ ಹೊಣೆಗಾರಿಕೆಯಿದೆ.

ಆದ್ದರಿಂದ ಮೂರು ಸಣ್ಣ ಕ್ರಮಗಳು ಸಾಕು. ಸಭೆಗಳಲ್ಲಿ ಕಿರಿಯರು ಮೊದಲು, ಅಧ್ಯಕ್ಷತೆ ವಹಿಸಿದವರು ಕೊನೆಯಲ್ಲಿ ಮಾತನಾಡಲಿ. ದೊಡ್ಡ ವೆಚ್ಚದ ಪ್ರಸ್ತಾವಗಳಲ್ಲಿ ಕ್ಷೇತ್ರಮಟ್ಟದ ಅಧಿಕಾರಿಗಳ ಆಕ್ಷೇಪಗಳಿಗೂ ಅವುಗಳಿಗೆ ನೀಡಿದ ಉತ್ತರಕ್ಕೂ ಪ್ರತ್ಯೇಕ ಕಂಡಿಕೆ ಕಡ್ಡಾಯವಾಗಲಿ. ಕಾರ್ಯನಿರ್ವಹಣಾ ವರದಿಯಲ್ಲಿ, ಈ ವರ್ಷ ಅಧೀನ ಸಿಬ್ಬಂದಿಯ ಸಲಹೆಯಿಂದ ಬದಲಿಸಿದ ನಿರ್ಧಾರ ಯಾವುದು ಎಂಬ ಪ್ರಶ್ನೆ ಸೇರಲಿ. ವರ್ಷ ವರ್ಷವೂ ಆ ಅಂಕಣ ಖಾಲಿ ಉಳಿದರೆ, ಅಧಿಕಾರಿ ಎಂದೂ ತಪ್ಪುವುದಿಲ್ಲವೋ, ಯಾರೂ ಅವರೊಡನೆ ಮಾತನಾಡುವುದಿಲ್ಲವೋ ಎಂದು ಪರಿಶೀಲಿಸಬೇಕಾಗುತ್ತದೆ.

ಶಾಲೆಯ ಮುಖ್ಯೋಪಾಧ್ಯಾಯರಿಗೆ, ಬ್ಯಾಂಕಿನ ವ್ಯವಸ್ಥಾಪಕರಿಗೆ, ಖಾಸಗಿ ಕಂಪನಿಯ ಮುಖ್ಯಸ್ಥರಿಗೂ ಈ ಮಾತು ಅನ್ವಯಿಸುತ್ತದೆ. ಎರಡು ಮತ್ತು ಮೂರನೆಯ ಕ್ರಮಗಳಿಗೆ ಆದೇಶ, ತಿದ್ದುಪಡಿ ಬೇಕಾಗಬಹುದು. ಮೊದಲನೆಯದನ್ನು ಜಾರಿಗೆ ತರಲು ಯಾರ ಅನುಮತಿಗೂ ಕಾಯಬೇಕಿಲ್ಲ. ಮುಂದಿನ ಸಭೆಯಿಂದಲೇ ಆರಂಭಿಸಬಹುದು.